ರಾಣಿಯ ಕಾಯಿ, ಚಿಕ್ಕತ್ತೆಯ ಬಳೆಚೂರು

ನಮ್ಮ ಮನೆಯ ಜಗಲಿಯ ಚಪ್ಪಡಿಕಲ್ಲಿನ ಮೇಲೆ ಚೌಕಾಬಾರ ಆಟದ ಮನೆಗಳನ್ನು ಯಾರೋ ಉಳಿಯಿಂದ ಕೊರೆದಿಟ್ಟಿದ್ದಾರೆ. ಯಾರು ಎಂದು ಕೇಳಿದರೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಕತೆ. ನಮ್ಮ ಮಾವನ ಅಜ್ಜ ಎನ್ನುವವರಿದ್ದಾರೆ, ಕಲ್ಲು ಹಾಸಲು ಬಂದವನೇ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕೊರೆದ ಎನ್ನುವವರೂ ಇದ್ದಾರೆ. ನಾನು ಸೊಸೆಯಾಗಿ ಬಂದಾಗಲೇ ಆ ಗೆರೆಗಳು ಸವೆದು ನುಣುಪಾಗಿದ್ದವು. ಪಾಂಡವಪುರದ ಸುತ್ತಮುತ್ತ ಅಂಥ ಜಗಲಿಗಳು ಈಗ ಹೆಚ್ಚು ಉಳಿದಿಲ್ಲ, ಎಲ್ಲರೂ ಟೈಲ್ಸ್ ಹಾಕಿಸಿದ್ದಾರೆ. ನಮ್ಮ ಮನೆಗೂ ಟೈಲ್ಸ್ ಬಂತು, ಆದರೆ ಹೊಸ್ತಿಲ ಹತ್ತಿರ ಬಂದು ನಿಂತಿತು.

ಅದಕ್ಕೊಂದು ಹಿನ್ನೆಲೆ ಇದೆ. ನಮ್ಮ ಮಾವನೂ ಅವರ ತಮ್ಮನೂ ಭಾಗವಾದಾಗ ನಡುಮನೆಗೆ ಅಡ್ಡಗೋಡೆ ಎದ್ದಿತು, ಕೊಟ್ಟಿಗೆ ಎರಡಾಯಿತು, ಹಿತ್ತಿಲ ತೆಂಗಿನಮರಗಳನ್ನೂ ಹಂಚಿಕೊಂಡರು. ಗೋಡೆಯನ್ನು ಜಗಲಿಗೂ ಎಳೆಯಬೇಕೆಂದು ಗಾರೆಯವನು ದಾರ ಹಿಡಿದರೆ ಅದು ನೆಟ್ಟಗೆ ಚೌಕಾಬಾರದ ನಡುಮಧ್ಯಕ್ಕೆ ಬಂತಂತೆ. ಆಗ ನಮ್ಮ ಅತ್ತೆ ಈ ಕಡೆ, ಅವರ ಓರಗಿತ್ತಿ, ಅಂದರೆ ನನ್ನ ಚಿಕ್ಕತ್ತೆ, ಆ ಕಡೆ ಕೂತುಬಿಟ್ಟರಂತೆ, ಇಟ್ಟಿಗೆ ಇಡುವುದಾದರೆ ನಮ್ಮ ತಲೆಯ ಮೇಲೆ ಇಡಿ ಎಂದು. ಗಂಡಸರು ತಲೆ ಕೆರೆದುಕೊಂಡು ಸುಮ್ಮನಾದರು. ಅಲ್ಲಿಂದ ಮುಂದೆ ಗಂಡಂದಿರು ಮಾತು ಬಿಟ್ಟ ವರ್ಷಗಳಲ್ಲೂ, ಆಮೇಲೆ ಇಬ್ಬರೂ ಗಂಡಸರು ಒಬ್ಬರ ಹಿಂದೊಬ್ಬರು ಹೋದ ಮೇಲೂ, ಓರಗಿತ್ತಿಯರು ಮಾತ್ರ ಎದುರುಬದುರು ಕೂತು ಆಡುತ್ತಲೇ ಇದ್ದರು. ಬೆಳಗಿನ ಹಾಲು ಡೈರಿಗೆ ಹಾಕಿ ಬಂದರೆ ಒಂದು ಆಟ, ಸಂಜೆ ಹಾಲು ಕರೆಯುವ ಹೊತ್ತಿಗೆ ಮುಂಚೆ ಒಂದು ಆಟ.

ಆಡುವುದಕ್ಕೆ ಬೇಕಾದ ಕಾಯಿಗಳ ಬಗ್ಗೆ ಈ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಇಲ್ಲಿಗೆ ಬಂದ ಸೊಸೆ ತನ್ನ ಕಾಯಿಯನ್ನು ತಾನೇ ಆರಿಸಿಕೊಳ್ಳಬೇಕು, ಇನ್ನೊಬ್ಬರು ಇಟ್ಟುಕೊಂಡಿದ್ದನ್ನು ಮುಟ್ಟುವಂತಿಲ್ಲ. ಅತ್ತೆಯದು ಹುಣಸೇಬೀಜ. ಚಿಕ್ಕತ್ತೆಯದು ಹಸಿರು ಗಾಜಿನ ಬಳೆಚೂರು, ಅವರ ಮದುವೆಯಲ್ಲಿ ತೊಟ್ಟ ಬಳೆಗಳದೇ ಚೂರು ಎಂದು ಹೇಳಿಕೊಳ್ಳುತ್ತಿದ್ದರು. ನನ್ನನ್ನೂ ಹೊಸದರಲ್ಲಿ ಕೇಳಿದ್ದರು. ನಾನು ಹೈಸ್ಕೂಲಿನ ಸಮಾಜ ವಿಜ್ಞಾನದ ಮೇಡಮ್ಮು, ಬೆಳಿಗ್ಗೆ ಶ್ರೀರಂಗಪಟ್ಟಣದ ಕಡೆಯ ಬಸ್ಸು ಹಿಡಿದರೆ ಸಂಜೆಯೇ ಬರುವುದು. ನನಗೆ ಕಾಯಿಯೂ ಬೇಡ ಕವಡೆಯೂ ಬೇಡ ಎಂದು ನಕ್ಕುಬಿಟ್ಟಿದ್ದೆ. ಅವರಿಬ್ಬರಿಗೆ ಮೂರನೆಯವರು ಬೇಕಾಗಿಯೂ ಇರಲಿಲ್ಲ ಎನ್ನಿ.

ಆಟ ಗೊತ್ತಿಲ್ಲದವರಿಗೆ ಒಂದೇ ಮಾತು ಹೇಳಬೇಕು, ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕವಡೆ ಬಿದ್ದಷ್ಟು ನಡೆಸುತ್ತ ಹೊರಗಿನ ಮನೆಗಳನ್ನು ಸುತ್ತಿ, ಒಳಗಿನ ಸುತ್ತಿಗೆ ಹೊಕ್ಕು, ನಡುಮನೆ ಸೇರಿದರೆ ಕಾಯಿ ಹಣ್ಣಾದಂತೆ. ಆದರೆ ಎದುರಾಳಿಯ ಒಂದಾದರೂ ಕಾಯಿಯ ಮೇಲೆ ಹೋಗಿ ಕೂತು ಅದನ್ನು ಕಡಿಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ. ಕಡಿಯುವ ತನಕ ಹೊರಗೇ ಸುತ್ತುತ್ತಿರಬೇಕು. ನನ್ನ ತವರು ಕೆ.ಆರ್.ಪೇಟೆಯ ಆಚೆ, ಹೇಮಗಿರಿಯ ಹತ್ತಿರ. ಅಲ್ಲಿ ನಮ್ಮ ಮನೆಯಲ್ಲಿ ಈ ನಿಯಮ ಇರಲಿಲ್ಲ, ಕಡಿಯದಿದ್ದರೂ ಒಳಗೆ ಹೋಗಬಹುದಿತ್ತು. ಇಲ್ಲಿ ಅದನ್ನು ಹೇಳಿದರೆ ನಿಮ್ಮ ಕಡೆಯವರು ಮೆತ್ತಗಿನವರು ಎಂದು ಅತ್ತೆ ಆಡಿಕೊಳ್ಳುತ್ತಿದ್ದರು.

ಕಳೆದ ಕಾರ್ತಿಕದಲ್ಲಿ ಒಂದು ಸಂಜೆ ಚಿಕ್ಕತ್ತೆ ಆಟದ ನಡುವೆ ಎದ್ದರು. ಹಸು ಕೂಗುತ್ತಿತ್ತು. ಹಾಲು ಕರೆದು ಬರುತ್ತೇನೆ, ಕಾಯಿ ಅಲುಗಿಸಬೇಡ ಎಂದು ಹೇಳಿ ಹೋದವರು ಕೊಟ್ಟಿಗೆಯಲ್ಲೇ ಕುಸಿದರು. ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅವರು ಅಲ್ಲಿ ಮಲಗಿದ್ದಷ್ಟು ದಿನವೂ ಅತ್ತೆ ಆ ಆಟವನ್ನು ಹಾಗೇ ಕಾಯ್ದರು. ಕೋಳಿಗಳು ಕೆದಕದಿರಲಿ ಎಂದು ಅದರ ಮೇಲೆ ಸಗಣಿ ಹೊರುವ ಹಳೇ ಬಿದಿರಿನ ಮಂಕರಿಯನ್ನು ತೊಳೆದು ಬೋರಲು ಹಾಕಿದ್ದರು. ಯಾರಾದರೂ ಅದರ ಹತ್ತಿರ ಚಪ್ಪಲಿ ಬಿಟ್ಟರೆ ಗದರುತ್ತಿದ್ದರು. ನಾವು ಮುಸಿಮುಸಿ ನಗುತ್ತಿದ್ದೆವು.

ಚಿಕ್ಕತ್ತೆ ವಾಪಸು ಬಂದದ್ದು ಆಂಬುಲೆನ್ಸಿನಲ್ಲಿ, ಉಸಿರಿಲ್ಲದೆ. ಮಣ್ಣಿಗೆ ಕಳಿಸಿದ ಮೇಲೆ ಮನೆ ತೊಳೆಯಬೇಕಲ್ಲ, ನೆಂಟರ ಪೈಕಿ ಹೆಂಗಸರು ಸೆರಗು ಕಟ್ಟಿ ನಿಂತರು. ಅವರಿಗೆ ಏನು ಗೊತ್ತು? ಮಂಕರಿ ಎತ್ತಿದರು, ಕೆಳಗೆ ನಾಲ್ಕು ಹುಣಸೇಬೀಜ, ನಾಲ್ಕು ಬಳೆಚೂರು. ಕಸವೆಂದು ಗುಡಿಸಿ, ಬಿಂದಿಗೆಗಟ್ಟಲೆ ನೀರು ಸುರಿದು ಜಗಲಿಯನ್ನು ಚೊಕ್ಕ ಮಾಡಿದರು. ಅತ್ತೆ ಬಾಗಿಲಿಗೆ ಬಂದು ನೋಡಿದರು. ಹಾಗೇ ಒಳಗೆ ಹೋದರು.

ಆಮೇಲೆ ಅವರು ಜಗಲಿಗೆ ಬರಲಿಲ್ಲ. ಬರಲಿಲ್ಲ ಅಂದರೆ ಕಾಲೇ ಇಡಲಿಲ್ಲ. ಕೊಟ್ಟಿಗೆಗೆ ಹೋಗುವುದಿದ್ದರೆ ಹಿತ್ತಿಲ ಬಾಗಿಲಿಂದ ಇಡೀ ಮನೆ ಬಳಸಿಕೊಂಡು ಹೋಗುವರು. ಎರಡು ಮುದ್ದೆ ಉಣ್ಣುತ್ತಿದ್ದ ಜೀವ ಅರ್ಧ ಮುದ್ದೆಯನ್ನು ತಟ್ಟೆಯಲ್ಲಿ ಆಡಿಸಿ ಏಳುತ್ತಿತ್ತು. ಕೈಗೆ ಹಾಕಿದ ಬೆಳ್ಳಿ ಕಡಗ ಮೊಣಕೈಯವರೆಗೆ ಜಾರತೊಡಗಿತು. ನಮ್ಮೆಜಮಾನರು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು, ಅವರು ಶಕ್ತಿಗೆ ಟಾನಿಕ್ಕು ಬರೆದುಕೊಟ್ಟು ಎಲ್ಲ ಸರಿಯಿದೆ ಎಂದರು. ಎಲ್ಲ ಸರಿಯಿದ್ದವರು ಹೀಗಿರುತ್ತಾರೆಯೇ? ನನಗೆ ಡಾಕ್ಟರ ಮೇಲೂ ಸಿಟ್ಟು, ಅತ್ತೆಯ ಮೇಲೂ ಸಿಟ್ಟು. ಹೀಗೇ ಬಿಟ್ಟರೆ ಇವರೂ ಚಿಕ್ಕತ್ತೆಯ ಹಿಂದೆಯೇ ಹೊರಟುಬಿಡುತ್ತಾರೆ ಎಂಬ ಭಯ ಆ ಸಿಟ್ಟಿನ ಕೆಳಗಿತ್ತು.

ಅವರೆಕಾಯಿ ಕಾಲ ಬಂತು. ಒಂದು ಸಂಜೆ ಅಡಿಗೆಮನೆಯಲ್ಲಿ ಇಬ್ಬರೂ ನೆನೆಸಿದ ಅವರೆಕಾಳು ಹಿತುಕುತ್ತ ಕೂತಿದ್ದೆವು. ಮಾರನೆಯ ದಿನ ನಾನು ತರಗತಿಯಲ್ಲಿ ಈಜಿಪ್ಟ್ ಮಾಡಬೇಕಿತ್ತು. ಪಿರಮಿಡ್ಡು, ಮಮ್ಮಿ ಎಂದು ಪ್ರತಿ ವರ್ಷ ಒದರಿದ್ದನ್ನೇ ಒದರಿ ನನಗೇ ಬೇಸರವಾಗಿತ್ತು. ಹೊಸದೇನಾದರೂ ಸಿಗುತ್ತದೆಯೇ ಎಂದು ಮೊಬೈಲನ್ನು ಉಪ್ಪಿನ ಜಾಡಿಗೆ ಒರಗಿಸಿ ಚಿತ್ರಗಳನ್ನು ನೋಡುತ್ತಿದ್ದೆ. ಒಬ್ಬ ರಾಣಿಯ ಸಮಾಧಿಯ ಗೋಡೆಯ ಚಿತ್ರ ಸಿಕ್ಕಿತು. ರಾಣಿ ಬಿಳಿಯ ಉದ್ದನೆ ಬಟ್ಟೆ ಉಟ್ಟು ಪೀಠದ ಮೇಲೆ ಕೂತಿದ್ದಾಳೆ. ಮುಂದೆ ಆಟದ ಮಣೆ. ಮಣೆಯ ಮೇಲೆ ಕಾಯಿಗಳು ಸಾಲಾಗಿ ನಿಂತಿವೆ. ಕೈ ಚಾಚಿ ಕಾಯಿ ನಡೆಸುವುದರಲ್ಲಿದ್ದಾಳೆ. ಎದುರಿಗೆ ಯಾರೂ ಇಲ್ಲ.

ನಾನು ಫೋನನ್ನು ಅತ್ತೆಯ ಕಡೆ ತಿರುಗಿಸಿದೆ. ಏನಾದರೂ ಮಾತಾಡಲಿ ಎಂಬುದಷ್ಟೇ ನನ್ನ ಉದ್ದೇಶ. ಇದು ಈಜಿಪ್ಟ್ ದೇಶದ ಚೌಕಾಬಾರ ಅತ್ತೆ, ಸೆನೆಟ್ ಅಂತ ಹೆಸರು, ಕವಡೆಯ ಬದಲು ಸೀಳಿದ ಕಡ್ಡಿಗಳನ್ನು ಎಸೆಯುತ್ತಿದ್ದರು ಎಂದೆ. ಅತ್ತೆ ಕಾಳು ಹಿತುಕುತ್ತಲೇ ಕಣ್ಣು ಕಿರಿದು ಮಾಡಿ ನೋಡಿದರು. ಮನೆಗಳನ್ನೇ ಬರೆದಿಲ್ಲವಲ್ಲ ಎಂದು ತಕರಾರು ತೆಗೆದರು. ಅವರು ಮಣೆಯನ್ನು ಪಕ್ಕದಿಂದ ನೋಡಿದಂತೆ ಬರೆಯುತ್ತಿದ್ದರು, ಅದಕ್ಕೇ ಕಾಯಿಗಳು ಮಾತ್ರ ಕಾಣುತ್ತವೆ ಎಂದು ಬಿಡಿಸಿ ಹೇಳಿದೆ. ರಾಣಿ ಒಬ್ಬಳೇ ಆಡುತ್ತಿದ್ದಾಳೆ, ಎದುರಾಳಿ ಕಣ್ಣಿಗೆ ಕಾಣದವನು ಎಂದು ತಿಳಿದವರು ಹೇಳುತ್ತಾರೆ ಎಂದೂ ಸೇರಿಸಿದೆ.

"ಒಬ್ಳೇ ಯಾಕಾಡಾಳು? ಎದ್ರಿಗಿದ್ದೋಳು ಎದ್ದೋಗವ್ಳೆ, ಅಷ್ಟೆಯ. ಒಲೆ ಮ್ಯಾಲೆ ಆಲಿಟ್ಟಿದ್ಳೋ ಏನೋ," ಎಂದರು ಅತ್ತೆ.

ನನಗೆ ನಗು ಬಂತು. ಎಷ್ಟೋ ದಿನಗಳ ಮೇಲೆ ಅವರ ಬಾಯಿಂದ ಇಷ್ಟುದ್ದದ ಮಾತು ಬಂದಿತ್ತು. ಆ ಹುರುಪಿನಲ್ಲಿ ನಾನು ಮೇಡಮ್ಮಾಗಿಬಿಟ್ಟೆ. ಅವರ ಬರವಣಿಗೆಯಲ್ಲಿ ಈ ಮಣೆಯೇ ಒಂದು ಅಕ್ಷರವಾಗಿತ್ತು ಎಂದು ತೋರಿಸಿದೆ. ಉದ್ದನೆಯ ಮಣೆ, ಅದರ ಮೇಲೆ ಬಾಚಣಿಗೆಯ ಹಲ್ಲಿನ ಹಾಗೆ ನಿಂತ ಕಾಯಿಗಳು. ನೆಲೆಯಾಗಿ ನಿಲ್ಲು, ಉಳಿ ಎನ್ನುವ ಮಾತನ್ನು ಬರೆಯಲು ಈ ಗುರುತು ಬೇಕಿತ್ತು, ಅವರ ದೊಡ್ಡ ದೇವರ ಹೆಸರು ಬರೆಯಲೂ ಇದೇ ಬೇಕಿತ್ತು. ಸತ್ತವರ ಜೊತೆ ಸಮಾಧಿಯಲ್ಲಿ ಮಣೆಯನ್ನೂ ಕಾಯಿಗಳನ್ನೂ ಇಡುತ್ತಿದ್ದರು. ಆ ಆಟದ ಹೆಸರಿನ ಅರ್ಥವೇ ದಾಟುವುದು. ಸತ್ತವರು ಈ ಆಟವನ್ನು ಆಡಿ ಗೆದ್ದರೆ ಆಚೆ ಲೋಕಕ್ಕೆ ದಾಟುತ್ತಾರೆ ಎಂದು ನಂಬಿದ್ದರು. ಮಜಾ ಏನು ಗೊತ್ತೇ ಅತ್ತೆ, ಇಷ್ಟೆಲ್ಲ ಬರೆದವರು ಆಟದ ನಿಯಮವನ್ನು ಪೂರ್ತಿ ಬರೆದಿಡಲಿಲ್ಲ, ಎಲ್ಲರಿಗೂ ಗೊತ್ತಿರುವುದನ್ನು ಯಾರು ಬರೆಯುತ್ತಾರೆ, ಎಂದು ಹೇಳಿ ತಲೆಯೆತ್ತಿದರೆ ಅತ್ತೆಯ ಕೈ ನಿಂತಿತ್ತು.

"ಗೆಲ್ದಿದ್ರೆ?" ಎಂದು ಕೇಳಿದರು.

ಗೊತ್ತಿಲ್ಲ ಅತ್ತೆ ಎಂದೆ.

"ಅಂಗಾದ್ರೆ ಅವ್ಳು ಇನ್ನೂ ಈಚ್ಲೇ ಸುತ್ತಾವ್ಳೆ ಬುಡು," ಎಂದರು. ಹಿತುಕಿದ ಬೇಳೆಯನ್ನು ಸುಮ್ಮನೆ ಬೆರಳಿನಿಂದ ಸರಿಸುತ್ತ ಕೂತರು. ಆಮೇಲೆ ತುಂಡುತುಂಡಾಗಿ ಹೇಳಿದರು. ಅವತ್ತು ಚಿಕ್ಕತ್ತೆ ಒಂದು ಕಾಯನ್ನೂ ಕಡಿದಿರಲಿಲ್ಲವಂತೆ. ನಾಲ್ಕು ಬಳೆಚೂರೂ ಹೊರಸುತ್ತಿನಲ್ಲೇ ಇದ್ದವಂತೆ. ಅತ್ತೆಯದು ಎರಡು ಆಗಲೇ ಹಣ್ಣಾಗಿದ್ದವು, ಒಂದು ನಡುಮನೆಯ ಬಾಗಿಲಲ್ಲಿತ್ತು, ಒಂದು ಮಾತ್ರ ಹೊರಗಿತ್ತು. ಅದನ್ನು ಕಡಿದೇ ಒಳಗೆ ಬರುತ್ತೇನೆ, ನೋಡುತ್ತಿರು ಎಂದು ಚಿಕ್ಕತ್ತೆ ನಗುತ್ತ ಎದ್ದು ಹೋಗಿದ್ದರಂತೆ. ಅವರು ಬರುವ ತನಕ ಆಟವನ್ನು ಕಾಯುವುದಷ್ಟೇ ಅತ್ತೆಯ ಕೆಲಸವಾಗಿತ್ತು. ಅದನ್ನೂ ಮಾಡಲಾಗಲಿಲ್ಲ, ನೀರು ಹಾಕಿ ಗುಡಿಸಿದರು. ರಾತ್ರಿ ಕಣ್ಣು ಮುಚ್ಚಿದರೆ ಆ ಹಸಿರು ಚೂರುಗಳು ಸುತ್ತುತ್ತಲೇ ಇರುತ್ತವೆ, ಒಳಗೆ ಬರಲು ದಾರಿಯಿಲ್ಲ ಎಂದರು.

ನಾವೆಲ್ಲ ಇವರಿಗೆ ಟಾನಿಕ್ಕು ಕುಡಿಸುತ್ತಿದ್ದೆವು! ಏನಾದರೂ ಮಾಡಬೇಕಲ್ಲ ಎಂದು ಬಾಯಿಗೆ ಬಂದದ್ದನ್ನು ಹೇಳಿದೆ. ನಮ್ಮ ತವರಿನಲ್ಲಿ ಕಡಿಯದೆಯೂ ಒಳಗೆ ಹೋಗಬಹುದು ಅತ್ತೆ, ಹಾಗೇ ಅಂದುಕೊಂಡು ಬಿಡಿ.

ಅತ್ತೆ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ.

"ನಿಮ್ಮೂರು ಕಾನೂನ ನಿಮ್ಮೂರಲ್ಲೇ ಮಡೀಕೊ. ಅವ್ಳು ಕಳ್ಳಾಟ ಆಡೋಳಲ್ಲ."

ಬೈಸಿಕೊಂಡು ಅಷ್ಟು ಖುಷಿಪಟ್ಟದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಸರಿ, ಕಳ್ಳಾಟ ಬೇಡ, ನಿಂತಲ್ಲಿಂದ ಆಟ ಮುಂದುವರಿಸೋಣ, ಚಿಕ್ಕತ್ತೆಯ ಕೈ ನಾನು ಆಡುತ್ತೇನೆ, ಯಾವ ಕಾಯಿ ಎಲ್ಲಿತ್ತು ಎಂದು ನೆನಪಿದೆಯೇ ಎಂದು ಕೇಳಿದೆ. ಮರೆತಿದ್ದರೆ ತಾನೆ, ಎಂದರು ಅತ್ತೆ.

ಭಾನುವಾರ ಬೆಳಿಗ್ಗೆ ಡೈರಿಗೆ ಹಾಲು ಹೋದ ಮೇಲೆ ಜಗಲಿಯ ಮೇಲೆ ಎಳೆಬಿಸಿಲು ಬಿದ್ದಿತ್ತು. ಗೋಡೆಯ ಆಚೆ ಕಡೆಯಿಂದ ಚಿಕ್ಕತ್ತೆಯ ಸೊಸೆ ಅವರ ಹಳೇ ಪೌಡರ್ ಡಬ್ಬಿ ತಂದುಕೊಟ್ಟಳು. ಅದರಲ್ಲಿ ಮಿಕ್ಕ ಬಳೆಚೂರುಗಳಿದ್ದವು. ಅತ್ತೆ ಹೊಸ್ತಿಲ ಒಳಗೆ ತುಂಬ ಹೊತ್ತು ನಿಂತರು. ಆಮೇಲೆ ಮುಂಬಾಗಿಲಿನಿಂದಲೇ ಬಂದು, ತಮ್ಮ ಜಾಗದಲ್ಲಿ ಮಂಡಿ ಹಿಡಿದುಕೊಂಡು ಕೂತರು. ಡಬ್ಬಿಯಿಂದ ನಾಲ್ಕು ಚೂರು ಆರಿಸಿ ಒಂದೊಂದನ್ನೂ ಅದರದರ ಮನೆಯಲ್ಲಿ ಇಟ್ಟರು. ಒಂದನ್ನು ಇಟ್ಟು, ತೆಗೆದು, ಪಕ್ಕದ ಮನೆಗೆ ಸರಿಸಿದರು. ಸರತಿ ಚಿಕ್ಕತ್ತೆಯದಾಗಿತ್ತು. ಕವಡೆಯನ್ನು ನನ್ನ ಕೈಗೆ ಕೊಟ್ಟರು.

ಇದನ್ನು ಮಕ್ಕಳಾಟ ಎನ್ನುವವರು ಅವತ್ತು ನನ್ನ ಎದೆಬಡಿತ ನೋಡಬೇಕಿತ್ತು. ಹೊರಗಿದ್ದ ಆ ಒಂದೇ ಹುಣಸೇಬೀಜ ಒಳಗೆ ಹೊಕ್ಕುಬಿಟ್ಟರೆ ಮುಗಿಯಿತು, ಕಡಿಯಲು ಏನೂ ಉಳಿಯುವುದಿಲ್ಲ, ಬಳೆಚೂರುಗಳು ಎಂದೆಂದಿಗೂ ಹೊರಗೇ. ಅತ್ತೆ ನನಗೆ ಅನುಕೂಲ ಮಾಡಿಕೊಡಬಹುದು, ಬೇಕೆಂದೇ ಬೀಜವನ್ನು ನನ್ನ ಬಾಯಿಗೆ ಇಡಬಹುದು ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿದ್ದೆ. ಎಲ್ಲಿಯ ಮಾತು! ಅವರಿಗೆ ಎರಡು ಬಿದ್ದಾಗ ಬೀಜವನ್ನು ನೆಟ್ಟಗೆ ತಂದು ಕಟ್ಟೆಯಲ್ಲಿ ಕೂರಿಸಿದರು. ಕಟ್ಟೆಯಲ್ಲಿ ಕೂತ ಕಾಯನ್ನು ಯಾರೂ ಕಡಿಯುವಂತಿಲ್ಲ. ನಾನು ಹಲ್ಲು ಕಚ್ಚಿದೆ. ಸೋತುಕೊಟ್ಟರೆ ಅವಳಿಗೆ ಗೊತ್ತಾಗಿಬಿಡುತ್ತದೆ ಎಂದರು, ನನ್ನ ಮುಖ ನೋಡದೆಯೇ.

ನಡುಮನೆಯ ಬಾಗಿಲಲ್ಲಿದ್ದ ಅವರ ಕಾಯಿಗೆ ಸರಿಯಾಗಿ ಒಂದೇ ಬೀಳಬೇಕಿತ್ತು. ಬೇರೆ ಏನು ಬಿದ್ದರೂ ಹೊರಗಿನ ಬೀಜವೇ ನಡೆಯಬೇಕು. ಅವರಿಗೆ ಮೂರು ಬಿತ್ತು. ಕಟ್ಟೆ ಬಿಟ್ಟು ಬೀಜ ಹೊರಟಿತು, ಒಳಗೆ ತಿರುಗುವ ಕೊನೆಯ ಮನೆಯಲ್ಲಿ ಬಂದು ನಿಂತಿತು. ಇನ್ನೊಂದು ಸಲ ಕವಡೆ ಅವರ ಕೈಗೆ ಹೋದರೆ ಅದು ಒಳಗೆ ಹೋದಂತೆಯೇ. ನನ್ನ ಒಂದು ಬಳೆಚೂರು ಅದರ ಹಿಂದೆ ನಾಲ್ಕು ಮನೆ ದೂರದಲ್ಲಿತ್ತು. ನನಗೆ ಚೌಕ ಬೇಕು, ನಾಲ್ಕು ಕವಡೆಯೂ ಬಾಯಿ ಮೇಲಾಗಿ ಬೀಳಬೇಕು. ಅತ್ತೆ ಎರಡೂ ಕೈ ಮಡಿಲಲ್ಲಿಟ್ಟು ಕವಡೆಯನ್ನೇ ನೋಡುತ್ತಿದ್ದರು. ನಾನು ದೇವರನ್ನು ನೆನೆಯುವವಳಲ್ಲ. ಅವತ್ತು ಹೇಮಗಿರಿಯಿಂದ ಹಿಡಿದು ಈಜಿಪ್ಟಿನ ತನಕ ಗೊತ್ತಿದ್ದ ಎಲ್ಲ ದೇವರನ್ನೂ ಕರೆದೆ.

ಚೌಕ ಬಿತ್ತು.

ನಾನು ಬಳೆಚೂರನ್ನು ಎತ್ತಿ ಒಂದು, ಎರಡು, ಮೂರು ಎಂದು ನಡೆಸಿ ಹುಣಸೇಬೀಜದ ಮೇಲೆ ಇಟ್ಟೆ. ಗಾಜಿಗೆ ಬೀಜ ತಾಗಿ ಸಣ್ಣ ಸದ್ದಾಯಿತು. ಅತ್ತೆ ತಮ್ಮ ಬೀಜವನ್ನು ಎತ್ತಿಕೊಂಡು, ಮೊದಲಿಂದ ಹೊರಡುವ ಮನೆಗೆ ತಂದಿಟ್ಟುಕೊಂಡರು. ಆಮೇಲೆ ಬಗ್ಗಿ ಆ ಹಸಿರು ಚೂರನ್ನು ಬೆರಳ ತುದಿಯಿಂದ ಮುಟ್ಟಿದರು.

"ಈಗ ಓಗವ್ವ, ಒಳೀಕೋಗು," ಎಂದರು.

ನಗುತ್ತಿದ್ದರು, ಕಣ್ಣಿಂದ ನೀರು ಸುರಿಯುತ್ತಿತ್ತು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ನಾನೂ ಅಳುತ್ತಿದ್ದೆ. ಗೋಡೆಯಾಚೆಯ ಸೊಸೆ ಏನಾಯಿತೋ ಎಂದು ಮಗುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿಬಂದಳು, ನಮ್ಮನ್ನು ನೋಡಿ ಅವಳಿಗೆ ದಿಕ್ಕು ತೋಚಲಿಲ್ಲ.

ಆಟ ಗೆದ್ದವರು ಅತ್ತೆಯೇ. ಕಡಿಸಿಕೊಂಡ ಆ ಬೀಜವನ್ನೂ ಮತ್ತೆ ಸುತ್ತಿಸಿ, ನನಗಿಂತ ಮೊದಲು ಹಣ್ಣು ಮಾಡಿಕೊಂಡರು. ಅಲ್ಲಿಗೆ ಆಟ ಮುಗಿಯಬೇಕು. ಆದರೆ ಗೆದ್ದರೆ ಮಾತ್ರ ದಾಟುತ್ತಾರೆ ಎಂದು ಪಾಠ ಹೇಳಿದವಳು ನಾನೇ ತಾನೆ. ಅತ್ತೆ ಕವಡೆಯನ್ನು ಮತ್ತೆ ನನ್ನ ಕಡೆ ತಳ್ಳಿದರು. "ಗೆಲ್ಲೋದು ಬ್ಯಾರೆ, ಒಳೀಕೋಗೋದು ಬ್ಯಾರೆ. ಆಡು," ಎಂದರು. ಎದುರಾಳಿಯಿಲ್ಲದ ಆ ಆಟವನ್ನು ನಾನು ಒಬ್ಬಳೇ ಆಡಿದೆ, ಮೊಬೈಲಿನಲ್ಲಿದ್ದ ರಾಣಿಯ ಹಾಗೆ. ಅತ್ತೆ ಎದುರಿಗೇ ಕೂತು ಎಣಿಸುತ್ತ, ತಪ್ಪು ನಡೆಸಿದರೆ ತಿದ್ದುತ್ತ, ನಾಲ್ಕು ಬಳೆಚೂರೂ ನಡುಮನೆ ಸೇರುವ ತನಕ ಏಳಲಿಲ್ಲ. ಬಿಸಿಲು ಜಗಲಿ ದಾಟಿ ಅಂಗಳಕ್ಕೆ ಇಳಿದಿತ್ತು. ಆಮೇಲೆ ಚೂರುಗಳನ್ನು ಡಬ್ಬಿಗೆ ತುಂಬಿ, ಮುಚ್ಚಳ ಹಾಕಿ, ಚಿಕ್ಕತ್ತೆಯ ಸೊಸೆಯ ಕೈಗೆ ಕೊಟ್ಟರು. ಇನ್ನು ಇದರಲ್ಲಿ ಯಾರೂ ಆಡುವುದು ಬೇಡ, ಎತ್ತಿಡು ಎಂದರು. ನನ್ನ ಕಡೆ ತಿರುಗಿ, ನಾಳೆಯಿಂದ ನಿನ್ನ ಕಾಯಿ ನೀನು ತಂದುಕೋ ಎಂದರು. ಅವತ್ತು ಮಧ್ಯಾಹ್ನ ಹಿತುಕಿದ ಬೇಳೆ ಸಾರಿನಲ್ಲಿ ಮುದ್ದೆ ಉಂಡು, ಇನ್ನೊಂದು ಅರ್ಧ ಹಾಕಿಸಿಕೊಂಡರು.

ಈ ಮನೆಗೆ ಬಂದು ಅರ್ಧ ಆಯುಷ್ಯ ಕಳೆದ ಮೇಲೆ ನಾನು ಕಾಯಿ ಹುಡುಕತೊಡಗಿದೆ. ಬಸ್ಸಿನಲ್ಲಿ ಅದೇ ಯೋಚನೆ. ಹೊಂಗೆಬೀಜ? ಹಂಚಿನ ಚೂರು? ಕೊನೆಗೆ ತರಗತಿಯಲ್ಲೇ ಸಿಕ್ಕಿತು. ಇನ್ನೊಂದು ಸೆಕ್ಷನ್ನಿಗೆ ಅದೇ ಪಾಠ ಮಾಡುತ್ತ ಈಜಿಪ್ಟಿನ ಆ ಗುರುತನ್ನು, ಮಣೆಯನ್ನೂ ಅದರ ಮೇಲೆ ನಿಂತ ಕಾಯಿಗಳನ್ನೂ, ಕಪ್ಪುಹಲಗೆಯ ಮೇಲೆ ಬರೆದು ಮುಗಿಸಿದಾಗ ಕೈಯಲ್ಲಿ ಉಳಿದದ್ದು ಸೀಮೆಸುಣ್ಣದ ತುಂಡು. ಬೆರಳಲ್ಲಿ ಹಿಡಿಯಲಾಗದಷ್ಟು ಸವೆದ ಅಂಥ ನಾಲ್ಕು ಮೋಟು ತುಂಡುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದೆ. ಜಗಲಿಯ ಕಲ್ಲಿನ ಮೇಲೆ ಸಾಲಾಗಿ ನಿಲ್ಲಿಸಿದೆ, ಥೇಟ್ ಅದೇ ಅಕ್ಷರ. ಅತ್ತೆಗೆ ಹಿಡಿಸಲಿಲ್ಲ. ಗಾಳಿಗೆ ಬೀಳುತ್ತವೆ, ಕೈಯೆಲ್ಲ ಬೂದಿಯಾಗುತ್ತದೆ, ಇದೂ ಒಂದು ಕಾಯಿಯೇ ಎಂದರು. ಹಾಗೆ ಹೇಳುತ್ತಲೇ ಮೊದಲ ದಿನವೇ ನಾಲ್ಕನ್ನೂ ಒಂದಾದ ಮೇಲೊಂದು ಕಡಿದುಹಾಕಿದರು.

ಮೊನ್ನೆ ಸಂಜೆ ಆಟ ಬಿರುಸಾಗಿತ್ತು. ಒಳಗೆ ಕುಕ್ಕರು ಕೂಗಿತು, ಅದನ್ನು ಇಳಿಸುವಷ್ಟರಲ್ಲಿ ಸ್ಕೂಲಿನಿಂದ ಫೋನು ಬಂತು, ಮಾತಾಡುತ್ತ ಹಿತ್ತಿಲಿಗೆ ಹೋದವಳು ಆಟವನ್ನು ಮರೆತೇಬಿಟ್ಟೆ. ಸೊಪ್ಪು ಬಿಡಿಸಿದೆ, ಒಗ್ಗರಣೆ ಹಾಕಿದೆ. ತುಂಬ ಹೊತ್ತಾದ ಮೇಲೆ ಅತ್ತೆಯ ಸದ್ದೇ ಇಲ್ಲವಲ್ಲ ಎಂದು ಮುಂಬಾಗಿಲಿಗೆ ಬಂದೆ. ಅವರು ಜಗಲಿಯಲ್ಲಿ ಕಂಬಕ್ಕೆ ಒರಗಿ ಎಲೆ ಅಡಿಕೆ ಮೆಲ್ಲುತ್ತ ಬೀದಿ ನೋಡುತ್ತ ಕೂತಿದ್ದರು. ಪಕ್ಕದಲ್ಲಿ ಚೌಕಾಬಾರದ ಮೇಲೆ ಮಂಕರಿ ಬೋರಲು ಹಾಕಿತ್ತು.